ಕರೆಂಟ್ ಹೋಗಿ ಬರುವ ಊರಿಗೆ ತಕ್ಕ ರಿಮೋಟ್

ಹೋಮ್ ಥಿಯೇಟರ್‌ಗೆಂದು ಯೂನಿವರ್ಸಲ್ ರಿಮೋಟ್ ಹುಡುಕುವವರು ಮೊದಲು ಕೇಳುವುದು, ಇದು ಎಷ್ಟು ಉಪಕರಣಗಳನ್ನು ನಡೆಸುತ್ತದೆ ಎಂದು. ಕಲಬುರಗಿಯಲ್ಲಿ ಕೇಳಬೇಕಾದದ್ದು ಬೇರೆ. ಸಿನಿಮಾ ಅರ್ಧಕ್ಕೆ ಬಂದಾಗ ಕರೆಂಟ್ ಹೋಗಿ ಮತ್ತೆ ಬಂದರೆ, ಆಮೇಲೂ ಈ ರಿಮೋಟ್ ಸರಿಯಾಗಿ ಕೆಲಸ ಮಾಡುತ್ತದೆಯೇ? ನಾನು ಆರಿಸಿದ್ದು ಹೆಚ್ಚುಕಡಿಮೆ ಇದೊಂದನ್ನೇ ನೋಡಿ.

ಜೇವರ್ಗಿ ರಸ್ತೆಯ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಟಿವಿ, ಸ್ಪೀಕರ್‌ಗಳಿಗೆ ಧ್ವನಿ ಹಂಚುವ ಎವಿ ರಿಸೀವರ್, ಸೆಟ್‌ಟಾಪ್ ಬಾಕ್ಸ್, ಬ್ಲೂ-ರೇ ಪ್ಲೇಯರ್, ಫೈರ್ ಟಿವಿ ಸ್ಟಿಕ್ ಇವೆ. ಜೊತೆಗೆ ಎ.ಸಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು; ಕಾದ ಛಾವಣಿಯ ಕೆಳಗೆ ಎ.ಸಿ. ಇಲ್ಲದೆ ಎರಡೂವರೆ ಗಂಟೆ ಕೂರುವುದು ಶಿಕ್ಷೆಯೇ. ಆದ್ದರಿಂದ ಎ.ಸಿ.ಯನ್ನೂ ಥಿಯೇಟರಿನ ಲೆಕ್ಕಕ್ಕೇ ಸೇರಿಸಿದೆ. ಅವ್ವ ಧಾರಾವಾಹಿ ನೋಡಬೇಕಾದರೆ ಮೂರು ರಿಮೋಟ್‌ಗಳನ್ನು ಸರದಿ ತಪ್ಪದಂತೆ ಒತ್ತಬೇಕಿತ್ತು. ತಪ್ಪಿತೆಂದರೆ, “ಚಿತ್ರ ಬಂದಿದೆ, ಧ್ವನಿ ಎಲ್ಲಿ ಹೋಯಿತು ತಮ್ಮಾ?” ಎಂಬ ಕೂಗು ಕೆಳಮನೆಯವರೆಗೆ ಕೇಳಿಸುತ್ತಿತ್ತು.

ತೊಡಕಿನ ಮೂಲ ಪವರ್ ಗುಂಡಿಯಲ್ಲಿದೆ. ಬಹುತೇಕ ರಿಮೋಟ್‌ಗಳಲ್ಲಿ ಹಚ್ಚುವುದಕ್ಕೂ ಆರಿಸುವುದಕ್ಕೂ ಒಂದೇ ಗುಂಡಿ. ಅದು ಕಳಿಸುವ ಸಂಕೇತದ ಅರ್ಥ ‘ಈಗಿರುವುದನ್ನು ಬದಲಿಸು’ ಎಂದಷ್ಟೇ. ಒಂದೇ ಒತ್ತಿಗೆ ಎಲ್ಲವನ್ನೂ ನಡೆಸುವ ದುಬಾರಿ ರಿಮೋಟ್‌ಗಳು ಯಾವ ಉಪಕರಣ ಆನ್ ಇದೆ, ಯಾವುದು ಆಫ್ ಇದೆ ಎಂಬುದನ್ನು ತಾವೇ ನೆನಪಿಟ್ಟುಕೊಳ್ಳುತ್ತವೆ. ಕರೆಂಟ್ ಹೋದದ್ದು ಅವಕ್ಕೆ ತಿಳಿಯುವುದಿಲ್ಲ. ಕರೆಂಟ್ ಬಂದ ಮೇಲೆ ನಮ್ಮ ಟಿವಿ ಸ್ಟ್ಯಾಂಡ್‌ಬೈನಲ್ಲಿ ಉಳಿಯುತ್ತದೆ, ಸೆಟ್‌ಟಾಪ್ ಬಾಕ್ಸ್ ತಾನಾಗಿಯೇ ಎದ್ದು ಕೂರುತ್ತದೆ, ರಿಸೀವರ್ ಮೊದಲು ಹೇಗಿತ್ತೋ ಹಾಗೆ ಬರುತ್ತದೆ. ಆಗ ‘ಎಲ್ಲ ಆರಿಸು’ ಎಂದು ಒತ್ತಿದರೆ ರಿಸೀವರ್ ಆರುತ್ತದೆ, ಟಿವಿ ಹತ್ತಿಕೊಳ್ಳುತ್ತದೆ.

ಇದಕ್ಕೆ ಮದ್ದು ಆನ್‌ಗೆ ಒಂದು, ಆಫ್‌ಗೆ ಇನ್ನೊಂದು, ಹೀಗೆ ಬೇರೆಬೇರೆ ಸಂಕೇತ ಕಳಿಸುವುದು. ಹತ್ತಿರುವ ಟಿವಿಗೆ ಮತ್ತೊಮ್ಮೆ ‘ಆನ್’ ಎಂದರೆ ಏನೂ ಆಗುವುದಿಲ್ಲ, ಅಲ್ಲೇ ಇದರ ಸೊಗಸು. ಕಂಪನಿಯ ರಿಮೋಟ್‌ನಲ್ಲಿ ಅಂಥ ಗುಂಡಿ ಇರದಿದ್ದರೂ ಅನೇಕ ಉಪಕರಣಗಳು ಆ ಸಂಕೇತವನ್ನು ಅರ್ಥ ಮಾಡಿಕೊಳ್ಳುತ್ತವೆ. ಸೋನಿ ಟಿವಿಗಳ ಸಂಕೇತ ಪದ್ಧತಿಯಲ್ಲಿ 21 ಎಂದರೆ ಸಾಮಾನ್ಯ ಪವರ್ ಗುಂಡಿ, 46 ಎಂದರೆ ಆನ್ ಮಾತ್ರ, 47 ಎಂದರೆ ಆಫ್ ಮಾತ್ರ. ಹಳೆಯ ರಿಮೋಟ್‌ನಿಂದ ನಕಲು ಮಾಡಿಕೊಂಡು ಕಲಿಯುವ ಅಗ್ಗದ ‘ಲರ್ನಿಂಗ್’ ರಿಮೋಟ್ ಇದ್ದರೆ ಸಾಕು ಎನ್ನುವವರಿಗೆ ನನ್ನ ತಕರಾರು ಇಲ್ಲಿಯೇ. ಮೂಲದಲ್ಲಿ ಇಲ್ಲದ ಗುಂಡಿಯನ್ನು ಅದು ಯಾರಿಂದ ಕಲಿಯಬೇಕು? ಕಲಿಯುವ ಸೌಲಭ್ಯವೂ ಬೇಕು, ಸಿದ್ಧ ಸಂಕೇತಗಳ ಭಂಡಾರವೂ ಬೇಕು.

ಸೂಪರ್ ಮಾರ್ಕೆಟ್‌ನ ಅಂಗಡಿಗಳಿಗೆ ಹೋದಾಗ ಎ.ಸಿ. ರಿಮೋಟನ್ನು ಜೇಬಿನಲ್ಲಿಟ್ಟುಕೊಂಡೇ ಹೋದೆ. “ಎಲ್ಲ ಟಿವಿಗೂ ನಡೆಯುತ್ತದೆ ಸಾಹೇಬರೇ” ಎಂದು ಅಂಗಡಿಯವರು ಹೇಳುತ್ತಿದ್ದಂತೆ, “ಇದನ್ನು ಕಲಿಯುತ್ತದೆಯೇ ನೋಡೋಣ” ಎಂದು ಎ.ಸಿ. ರಿಮೋಟ್ ಮುಂದಿಡುತ್ತಿದ್ದೆ. ಟಿವಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಎನ್‌ಇಸಿ ಪದ್ಧತಿಯ ಸಂಕೇತ 32 ಬಿಟ್‌ಗಳದು, ಅಂದರೆ 32 ಸೊನ್ನೆ-ಒಂದುಗಳ ಸಾಲು. ಎ.ಸಿ.ಯ ಸಂಕೇತ ಸಾಮಾನ್ಯವಾಗಿ ಅದಕ್ಕಿಂತ ಬಹಳ ಉದ್ದ, ಏಕೆಂದರೆ ಉಷ್ಣಾಂಶ, ಫ್ಯಾನಿನ ವೇಗ, ಕೂಲ್ ಅಥವಾ ಡ್ರೈ ಎಲ್ಲವೂ ಪ್ರತಿ ಒತ್ತಿಗೂ ಒಟ್ಟಿಗೇ ಹೋಗುತ್ತವೆ. ಅಷ್ಟುದ್ದದ ಸಂಕೇತಕ್ಕೆ ಕೆಲವು ನೂರು ರೂಪಾಯಿಯ ರಿಮೋಟ್‌ಗಳ ನೆನಪು ಸಾಲುವುದಿಲ್ಲ. ಕೊಳ್ಳುವ ಮೊದಲೇ ಜೊಳ್ಳನ್ನು ತೂರಲು ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ.

ಟಚ್‌ಸ್ಕ್ರೀನ್ ರಿಮೋಟ್‌ಗಳನ್ನು ಮೊದಲೇ ಬಿಟ್ಟೆ. ಕತ್ತಲಲ್ಲಿ ಬೆರಳಿಗೆ ಸಿಗುವಂಥ ಗುಂಡಿ ಇರಬೇಕು. ಮೊಬೈಲ್‌ನಿಂದ ನಡೆಸುವ ಪೆಟ್ಟಿಗೆಗಳು, ಉದಾಹರಣೆಗೆ ಬ್ರಾಡ್‌ಲಿಂಕ್, ಒಬ್ಬನೇ ಇರುವವನಿಗೆ ಚೆನ್ನ. ಮೊಬೈಲ್ ಹಿಡಿದವನು ಹೊರಗೆ ಹೋದರೆ ಮನೆಯವರೆಲ್ಲ ಪರದೆ ನೋಡುತ್ತಾ ಕೂರಬೇಕು. ಲಾಜಿಟೆಕ್ ಕಂಪನಿಯ ಹಾರ್ಮನಿ ರಿಮೋಟ್ ಬಗ್ಗೆ ಬಹಳ ಕೇಳಿದ್ದೆ. ಆದರೆ ಕಂಪನಿ 2021ರಲ್ಲಿ ಅದರ ತಯಾರಿಕೆಯನ್ನೇ ನಿಲ್ಲಿಸಿದೆ, ಹೊಂದಿಸುವ ಕೆಲಸ ನಡೆಯುವುದು ಅವರ ಸರ್ವರ್ ಮೂಲಕ. ನಿಂತ ಸರಕಿಗೆ ಅಷ್ಟು ದುಡ್ಡು ಹಾಕಲು ಮನಸ್ಸು ಒಪ್ಪಲಿಲ್ಲ. ಕೊನೆಗೆ ಕೊಂಡದ್ದು ಸೋಫಾಬ್ಯಾಟನ್ ಕಂಪನಿಯ, ಗುಂಡಿಗಳಿರುವ ಒಂದು ರಿಮೋಟ್. ಅದರಲ್ಲಿ ಮಾಮೂಲಿ ರಿಮೋಟ್‌ಗಳು ಸಂಕೇತ ಕಳಿಸಲು ಬಳಸುವ, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನ ಜೊತೆಗೆ ಬ್ಲೂಟೂತ್ ಕೂಡ ಇದೆ. ಫೈರ್ ಟಿವಿ ಸ್ಟಿಕ್ ಇನ್ಫ್ರಾರೆಡ್‌ಗೆ ಕಿವಿಗೊಡುವುದಿಲ್ಲವಾದ್ದರಿಂದ ಬ್ಲೂಟೂತ್ ಬೇಕೇ ಬೇಕು.

ಎಚ್‌ಡಿಎಂಐ ಕೇಬಲ್‌ನಲ್ಲೇ ಆಜ್ಞೆ ಸಾಗಿಸುವ ಸಿಇಸಿ ಇರುವಾಗ ಇದೆಲ್ಲ ಯಾಕೆ ಎನ್ನಬಹುದು. ಎನಿನೆಟ್ ಪ್ಲಸ್, ಬ್ರಾವಿಯಾ ಸಿಂಕ್, ಸಿಂಪ್‌ಲಿಂಕ್ ಎಲ್ಲವೂ ಅದರದೇ ವ್ಯಾಪಾರಿ ಹೆಸರುಗಳು. ನಮ್ಮಲ್ಲಿ ಟಿವಿ ಮತ್ತು ರಿಸೀವರ್ ಅದರ ಮಾತು ಕೇಳುತ್ತವೆ, ಸೆಟ್‌ಟಾಪ್ ಬಾಕ್ಸ್ ಕೇಳುವುದಿಲ್ಲ, ಎ.ಸಿ.ಗೆ ಕೇಬಲ್ಲೇ ಇಲ್ಲ.

ಕಲಿಸುವ ಕೆಲಸವನ್ನು ಶಹಾಬಾದ್ ಕಲ್ಲಿನ ನೆಲದ ಮೇಲೆ ಕೂತು ಮಾಡಿದೆ. ಬಿಸಿಲಿನಲ್ಲೂ ಇನ್ಫ್ರಾರೆಡ್ ಇರುತ್ತದೆ, ಅದಕ್ಕೇ ಮೊದಲು ಕಿಟಕಿಯ ಪರದೆ ಎಳೆದೆ. ಎರಡೂ ರಿಮೋಟ್‌ಗಳನ್ನು ಮುಖಾಮುಖಿ ಇಟ್ಟು ನಡುವೆ ಎರಡು ಬೆರಳಿನಷ್ಟು ಜಾಗ ಬಿಟ್ಟೆ. ಹಳೆಯ ರಿಮೋಟ್‌ಗಳಿಗೆಲ್ಲ ಹೊಸ ಬ್ಯಾಟರಿ ಹಾಕಿದೆ. ಗುಂಡಿಯನ್ನು ಚುಟುಕಾಗಿ ಒತ್ತಬೇಕು, ಅದುಮಿ ಹಿಡಿಯಬಾರದು. ಬೆಳಕು ಹೊರಡುತ್ತಿದೆಯೇ ಎಂಬ ಅನುಮಾನ ಬಂದರೆ ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ರಿಮೋಟಿನ ತುದಿಯನ್ನು ನೋಡಿ, ಹೆಚ್ಚಿನ ಮೊಬೈಲ್‌ಗಳಲ್ಲಿ ಅದು ನೇರಳೆ ಚುಕ್ಕೆಯಾಗಿ ಮಿನುಗುತ್ತದೆ. ಕಲಿಸಿದ ಪ್ರತಿ ಗುಂಡಿಯನ್ನೂ ಬೆನ್ನುಬೆನ್ನಿಗೆ ಎರಡು ಸಲ ಒತ್ತಿ ಪರೀಕ್ಷಿಸಿದೆ. ಫಿಲಿಪ್ಸ್ ರೂಪಿಸಿದ ಆರ್‌ಸಿ-5 ಪದ್ಧತಿಯಲ್ಲಿ ಒಂದು ಬಿಟ್ ಪ್ರತಿ ಹೊಸ ಒತ್ತಿಗೂ ಬದಲಾಗುತ್ತದೆ. ನಕಲಿನಲ್ಲಿ ಅದು ಬದಲಾಗದೆ ನಿಂತರೆ, ಎರಡನೆಯ ಒತ್ತನ್ನು ಉಪಕರಣವು ಮೊದಲಿನದೇ ಮುಂದುವರಿದಿದೆ ಎಂದುಕೊಂಡು ಸುಮ್ಮನಾಗಬಹುದು.

ಸೆಟ್‌ಟಾಪ್ ಬಾಕ್ಸ್‌ಗೆ ಬೇರೆ ಬೇರೆ ಆನ್, ಆಫ್ ಸಂಕೇತಗಳು ಸಿಗಲೇ ಇಲ್ಲ. ಆದರೆ ಸ್ಟ್ಯಾಂಡ್‌ಬೈನಲ್ಲಿರುವಾಗ ಅಂಕಿಯ ಗುಂಡಿ ಒತ್ತಿದರೂ ಅದು ಎಚ್ಚರಗೊಳ್ಳುತ್ತದೆ. ಅದನ್ನೇ ಹಿಡಿದು ‘ಆನ್’ ಬೇಕಾದಲ್ಲಿ ಸೊನ್ನೆ ಇಟ್ಟೆ. ‘ಆಫ್’ ಬೇಕಾದಲ್ಲಿ ಮೊದಲು ಸೊನ್ನೆ, ಅದು ಪೂರ್ತಿ ಏಳುವಷ್ಟು ಬಿಡುವು, ಆಮೇಲೆ ಪವರ್. ಮಲಗಿದ್ದರೂ ಎದ್ದಿದ್ದರೂ ಕೊನೆಗೆ ಆರಲೇಬೇಕು.

ಅವ್ವನ ಗುಂಡಿ ಒತ್ತಿದರೆ ಟಿವಿ ಆನ್, ರಿಸೀವರ್ ಆನ್, ಬಾಕ್ಸ್‌ಗೆ ಸೊನ್ನೆ, ಸ್ವಲ್ಪ ಬಿಡುವಿನ ನಂತರ ಟಿವಿಗೂ ರಿಸೀವರ್‌ಗೂ ಇನ್‌ಪುಟ್ ಆಯ್ಕೆ, ಅಂದರೆ ಯಾವ ಉಪಕರಣದ ಚಿತ್ರ, ಧ್ವನಿ ಬೇಕೆಂಬುದು. ಆಗತಾನೇ ಹತ್ತಿದ ಟಿವಿ ಒಂದಷ್ಟು ಹೊತ್ತು ಯಾವ ಮಾತನ್ನೂ ಕೇಳುವುದಿಲ್ಲ, ಆದ್ದರಿಂದ ಇನ್‌ಪುಟ್ ಕೊನೆಗೇ ಇರಬೇಕು. ಸಿನಿಮಾ ಗುಂಡಿಗೆ ಬಾಕ್ಸ್‌ನ ಬದಲು ಸ್ಟಿಕ್, ಜೊತೆಗೆ ಎ.ಸಿ.ಯ ‘24 ಡಿಗ್ರಿ, ಕೂಲ್’. ಎ.ಸಿ. ಸಂಕೇತದಲ್ಲಿ ಪೂರ್ತಿ ಸ್ಥಿತಿಯೇ ಅಡಗಿರುವುದರಿಂದ ಈ ಒಂದು ಒತ್ತು ಸಾಕು, ಅಲ್ಲಿ ಆನ್-ಆಫ್ ಗೊಂದಲವೇ ಇಲ್ಲ. ಕರೆಂಟ್ ಹೋಗಿ ಬಂದಾಗ ಮನೆಯವರು ಯಾರನ್ನೂ ಕೇಳುವುದಿಲ್ಲ, ಅದೇ ಗುಂಡಿಯನ್ನು ಇನ್ನೊಮ್ಮೆ ಒತ್ತುತ್ತಾರೆ.

ಹಳೆಯ ರಿಮೋಟ್‌ಗಳ ಬ್ಯಾಟರಿ ತೆಗೆದು ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ರಿಸೀವರ್‌ನ ಸ್ಪೀಕರ್ ಹೊಂದಾಣಿಕೆಯಂಥ ಅಪರೂಪದ ಮೆನುಗಳನ್ನು ಹೊಸದರಲ್ಲಿ ತುಂಬುವ ಗೋಜಿಗೆ ಹೋಗಲಿಲ್ಲ. ಬೇಕಾದಾಗ ಡಬ್ಬಿ ತೆರೆದರಾಯಿತು.