ಕೂಗಿ ಹಾಕಿದ ವೋಟು

ನಾನಿರುವುದು ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿ. ಈಗ ಡೇಟಾ ಸೆಂಟರ್‌ಗಳ ಊರು. ಅಮೆರಿಕದ ಅಂತರ್ಯುದ್ಧ ಶುರುವಾದ 1861ರಲ್ಲಿ ಬರೀ ಹೊಲ, ಗಿರಣಿ. ಆ ವರ್ಷ ಇಲ್ಲಿನ ಹಳ್ಳಿಗಳಲ್ಲಿ ಏನೇನಾಯ್ತು ಅಂತ ತಾರೀಕುವಾರು ಬರೆದಿಡೋಣ ಎಂದು ಕೂತೆ.

ಮೊದಲು ಸೈನ್ಯದ ವರದಿಗಳನ್ನು ಹಿಡಿದು ಒಂದು ಚಳಿಗಾಲ ಕಳೆದುಕೊಂಡೆ. ಸೇತುವೆ ಸುಟ್ಟರು, ನದಿ ದಾಟಿದರು, ಅಷ್ಟೇ. ಊರಿನವರೇ ಇಲ್ಲ!

ಊರಿನವರು ಸಿಕ್ಕಿದ್ದು ಪರಿಹಾರದ ಅರ್ಜಿಗಳಲ್ಲಿ. ಯೂನಿಯನ್ (ದೇಶ ಒಡೆಯಬಾರದು ಎಂದ ಉತ್ತರದ ಪಕ್ಷ) ಸೈನ್ಯ ಹೊತ್ತೊಯ್ದ ಕುದುರೆ, ಹುಲ್ಲು, ಒಲೆಗೆಂದು ಕಿತ್ತ ಬೇಲಿಯ ಗಳ, ಇವಕ್ಕೆ ದಕ್ಷಿಣದ ಯೂನಿಯನ್ ನಿಷ್ಠರು ದುಡ್ಡು ಕೇಳಲಿ ಎಂದು ಸರ್ಕಾರ 1871ರಲ್ಲಿ ಆಯೋಗ ಮಾಡಿತ್ತು. ದಕ್ಷಿಣದಿಂದೆಲ್ಲ ಬಂದ ಅರ್ಜಿ 22,298. ನನಗೆ ಕುದುರೆ ಲೆಕ್ಕ ಬೇಡವಾಗಿತ್ತು. ಆಯೋಗ ಕೇಳುತ್ತಿದ್ದ ಒಂದು ಪ್ರಶ್ನೆ ಬೇಕಿತ್ತು: ಪ್ರತ್ಯೇಕತೆಗೆ, ಅಂದರೆ ವರ್ಜೀನಿಯಾ ಅಮೆರಿಕದಿಂದ ಬೇರೆಯಾಗಬೇಕೇ ಎಂಬುದಕ್ಕೆ, ನೀನು ವೋಟು ಹಾಕಿದ್ದು ಯಾವ ಕಡೆ?

ಆಗ ವರ್ಜೀನಿಯಾದಲ್ಲಿ ಚೀಟಿ ಇರಲಿಲ್ಲ. ಮೇಜಿನ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಹಿಂದೆ ಸಾಲ ಕೊಟ್ಟವನೂ ನಿಂತಿರಬಹುದು, ಅಲ್ವಾ? ಮೇ 23ರಂದು ಕೌಂಟಿ ಪ್ರತ್ಯೇಕತೆಗೆ ಸೈ ಎಂದಿತು. ಆದರೆ ಕ್ವೇಕರ್ ಜನ (ಯುದ್ಧ, ಗುಲಾಮಗಿರಿ ಎರಡನ್ನೂ ಒಪ್ಪದ ಕ್ರೈಸ್ತ ಪಂಗಡ) ಜಾಸ್ತಿ ಇದ್ದ ವಾಟರ್‌ಫರ್ಡ್ ಹಳ್ಳಿ ಬೇಡ ಎಂದಿತು, 220ಕ್ಕೆ 31. ಇನ್ನು ಕೌಂಟಿಯಲ್ಲಿದ್ದ ಐದು ಸಾವಿರಕ್ಕೂ ಹೆಚ್ಚು ಗುಲಾಮರನ್ನು ಯಾರೂ ಕೇಳಲೇ ಇಲ್ಲ. 1860ರ ಗಣತಿಯ ಗುಲಾಮರ ಪಟ್ಟಿಯಲ್ಲಿ ಅವರ ಹೆಸರೂ ಇಲ್ಲ, ವಯಸ್ಸು, ಲಿಂಗ, ಬಣ್ಣ ಅಷ್ಟೇ.

ಅರ್ಜಿಗಳಲ್ಲಿರುವುದು ಹತ್ತು ವರ್ಷದ ನಂತರ, ದುಡ್ಡಿನ ಆಸೆ ಇಟ್ಟುಕೊಂಡು ಹೇಳಿದ ಮಾತು. ಸುಮ್ನೆ ನಂಬೋಕಾಗಲ್ಲ. ಅದಕ್ಕೇ ನನ್ನ ಶೀಟಿನಲ್ಲಿ ಎರಡು ತಾರೀಕು: ಘಟನೆ ನಡೆದದ್ದು, ಅದನ್ನು ಹೇಳಿದ್ದು. ನಡುವೆ ಐದು ವರ್ಷ ದಾಟಿದರೆ ಹಳದಿ ಬಣ್ಣ. ಇನ್ನೊಂದು ಸಾಕ್ಷಿ ಸಿಗುವವರೆಗೆ ಬಣ್ಣ ತೆಗೆಯುವುದಿಲ್ಲ.

ಆದರೆ ಅಂದೇ ನೋಡಿದವನೂ ತಪ್ಪುತ್ತಾನೆ. ಅಕ್ಟೋಬರ್ 20ರ ರಾತ್ರಿ ಯೂನಿಯನ್ ಗಸ್ತಿನವರು ಪೊಟೊಮ್ಯಾಕ್ ನದಿ ದಾಟಿ ಬಂದು, ಮರದ ಸಾಲನ್ನು ಶತ್ರುವಿನ ಡೇರೆ ಎಂದು ತಿಳಿದರು. ಆ ಸುದ್ದಿ ನಂಬಿ ಮರುದಿನ ಬಾಲ್ಸ್ ಬ್ಲಫ್ ಎಂಬ ನದಿದಂಡೆಯ ಗುಡ್ಡ ಹತ್ತಿದವರಿಗೆ ವಾಪಸ್ ಹೋಗಲು ದೋಣಿ ಸಾಲಲಿಲ್ಲ. ಎಷ್ಟೋ ಜನ ನದಿಯಲ್ಲೇ ಮುಳುಗಿದರು. ಅವರನ್ನು ಮುನ್ನಡೆಸಿದ್ದ ಒರೆಗಾನ್‌ನ ಸೆನೆಟರ್ ಎಡ್ವರ್ಡ್ ಬೇಕರ್ ಅಲ್ಲೇ ಸತ್ತರು.

ನಾನೂ ಒಂದು ಸಂಜೆ ಅಲ್ಲಿಗೆ ಹೋದೆ. ಪುಟ್ಟ ಸ್ಮಶಾನ, 25 ಕಲ್ಲು, 54 ಜನ. ಹೆಸರಿರುವುದು ಒಂದೇ ಕಲ್ಲಿಗೆ. ಕತ್ತಲಾಗುವವರೆಗೆ ನಿಂತು ಮರಗಳನ್ನೇ ನೋಡಿದೆ. ನನಗಂತೂ ಮರಗಳಾಗಿಯೇ ಕಂಡವು.