ಸ್ಟಾಪ್‌ವಾಚ್ ಹಿಡ್ಕೊಂಡು ರೇಡಿಯೋ ವಾರ್ತೆ ಕೇಳಿದೆ

ಸರ್ಕಾರಿ ರೇಡಿಯೋ ಪಕ್ಷಪಾತ ಮಾಡುತ್ತಾ ಅಂತ ನಮ್ಮನೇಲಿ ಜಗಳ ಆಗದ ದಿನ ಇಲ್ಲ. ಅಪ್ಪ ಎಮರ್ಜೆನ್ಸಿ ಕಂಡೋರು, ಆಗ ಜನ ಆಲ್ ಇಂದಿರಾ ರೇಡಿಯೋ ಅಂತಿದ್ರು, ಕಿಶೋರ್ ಕುಮಾರ್ ಹಾಡನ್ನೇ ನಿಲ್ಲಿಸಿದ್ರು, ಅದರ ಮುಂದೆ ಇದೆಲ್ಲ ಏನು ಬಿಡು ಅಂತಾರೆ. ಭಾವಂಗೆ 2024ರಲ್ಲಿ ಡಿಡಿ ನ್ಯೂಸ್ ಲೋಗೋ ಕೆಂಪಿಂದ ಕೇಸರಿ ಆಗಿದ್ದೇ ಸಾಕ್ಷಿ. ಇಬ್ಬರ ಮಧ್ಯೆ ಸಿಕ್ಕಿ ಸಾಕಾಗಿ, ಹದಿನೈದು ದಿನ ನಾನೇ ಎಣಿಸ್ತೀನಿ ಅಂದ್ಬಿಟ್ಟೆ. ಯಾವ ಸ್ಟೇಷನ್ ಅಂತ ಹೇಳಲ್ಲ, ಬೆಳಗಿನ ಒಂದು ಬುಲೆಟಿನ್ ಅಷ್ಟೇ.

ಮೊದಲು ಮಾಡಿದ್ದು ಶುದ್ಧ ದಡ್ಡತನ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡ್ಕೊಂಡು, ಮಗಳ ಹಳೇ ಲಾಂಗ್ ನೋಟ್‌ಬುಕ್ಕಲ್ಲಿ ಪಕ್ಷಕ್ಕೊಂದು ಕಾಲಂ ಹಾಕಿ, ಯಾರಿಗೆ ಎಷ್ಟು ಸೆಕೆಂಡ್ ಅಂತ ಬರೀತಾ ಹೋದೆ. ಮೂರನೇ ದಿನಕ್ಕೇ ತಲೆ ಕೆಟ್ಟೋಯ್ತು, ಯಾಕಂದ್ರೆ ಕೇಂದ್ರದಲ್ಲಿ ಒಂದು ಪಕ್ಷ, ಇಲ್ಲಿ ರಾಜ್ಯದಲ್ಲಿ ಇನ್ನೊಂದು, ಕೇಂದ್ರ ಸಚಿವರು ರೈಲಿಗೆ ಬಾವುಟ ತೋರಿಸಿದ್ರೂ ಸುದ್ದಿ, ಇಲ್ಲಿನ ಸಚಿವರು ಡ್ಯಾಮಿಗೆ ಬಾಗಿನ ಕೊಟ್ರೂ ಸುದ್ದಿ, ಅದನ್ನ ಪಕ್ಷದ ಲೆಕ್ಕಕ್ಕೆ ಹಾಕೋದಾ ಸರ್ಕಾರದ್ದಕ್ಕಾ?

ಹಾಳೆ ಹರಿದು ಮತ್ತೆ ಶುರು ಮಾಡ್ದೆ. ಈ ಸಲ ಮಾತಾಡಿದ್ದು ಕುರ್ಚಿನಾ ಪಕ್ಷಾನಾ ಅಂತ ಒಂದು ಕಾಲಂ, ವಾಕ್ಯದ ಕೊನೇಲಿ ಯಾವ ಕ್ರಿಯಾಪದ ಬಂತು ಅಂತ ಇನ್ನೊಂದು. ಮಜಾ ಸಿಕ್ಕಿದ್ದು ಇಲ್ಲೇ ನೋಡಿ. ಕುರ್ಚಿ ಮೇಲಿರೋರು ಏನೇ ಅಂದ್ರೂ "ತಿಳಿಸಿದ್ದಾರೆ", "ಸ್ಪಷ್ಟಪಡಿಸಿದ್ದಾರೆ", ಕುರ್ಚಿ ಇಲ್ಲದೋರು ಅದೇ ವಿಷಯಕ್ಕೆ ಬಾಯಿ ಬಿಟ್ರೆ "ಆರೋಪಿಸಿದ್ದಾರೆ", "ಟೀಕಿಸಿದ್ದಾರೆ". ಒಂದಿನ ಬೆಳೆ ಪರಿಹಾರದ ಸುದ್ದಿ, ದುಡ್ಡು ಬಿಡುಗಡೆ ಆಗಿದೆ ಅಂತ ಸಚಿವರು ತಿಳಿಸಿದ್ರು, ಕೈಗೆ ಬಂದಿಲ್ಲ ಅಂತ ರೈತ ಮುಖಂಡರು ಆರೋಪಿಸಿದ್ರು. ಪಾಪ, ಅವರ ಪಾಸ್‌ಬುಕ್ಕಲ್ಲಿ ಬರದೇ ಇರೋದೂ ಆರೋಪಾನೇ! ಇಲ್ಲೀವರೆಗೂ ಎರಡೂ ಸರ್ಕಾರಕ್ಕೆ ಒಂದೇ ಮರ್ಯಾದೆ, ಆದ್ರೆ ಒಬ್ಬ ಮಂತ್ರಿ ಪಕ್ಷದ ಸಮಾವೇಶದಲ್ಲಿ ಎದುರಾಳೀನ ಬೈದಿದ್ದೂ "ತಿಳಿಸಿದ್ದಾರೆ" ಆಗಿ ಬಂತಲ್ಲ, ಅಲ್ಲಿಗೆ ಕೆಂಪು ಪೆನ್ನಲ್ಲಿ ಗೆರೆ ಎಳೆದೆ.

ಸೆಕೆಂಡ್ ನಂಬ್ಕೊಂಡ್ರೆ ಕೆಟ್ಟೆ ಅಂತ ಆಮೇಲೆ ಗೊತ್ತಾಯ್ತು. ಚುನಾವಣೆ ಟೈಮಲ್ಲಿ ಪಕ್ಷಗಳಿಗೆ ಆಕಾಶವಾಣಿ, ದೂರದರ್ಶನದಲ್ಲಿ ಮಾತಾಡೋಕೆ ಫ್ರೀ ಸಮಯ ಕೊಡ್ತಾರಲ್ಲ, ಒಂದು ಪಾಲು ಸಮ, ಉಳಿದಿದ್ದು ಹಿಂದಿನ ಚುನಾವಣೆ ಸಾಧನೆ ನೋಡಿ. ಲೆಕ್ಕ ಪಕ್ಕಾ. ಆದ್ರೆ ಸ್ಕ್ರಿಪ್ಟ್ ಮೊದಲೇ ತೋರಿಸ್ಬೇಕು. 2024ರಲ್ಲಿ ಸಿಪಿಎಂ ನಾಯಕ ಸೀತಾರಾಂ ಯೆಚೂರಿ ಭಾಷಣದಿಂದ "ಕೋಮುವಾದಿ ಸರ್ವಾಧಿಕಾರಿ ಆಡಳಿತ" ಅನ್ನೋ ಅರ್ಥದ ಮಾತು ತೆಗೆಸಿದ್ರು, ಕೇಳಿದ್ರೆ ಚುನಾವಣಾ ಆಯೋಗದ ನಿಯಮ ಪಾಲಿಸಿದ್ದೀವಿ ಅಂದ್ರು. ನನ್ನ ಸ್ಟಾಪ್‌ವಾಚಿಗೆ ಇದೆಲ್ಲಿ ಸಿಗುತ್ತೆ?

ಇನ್ನೊಂದು ತಾಪತ್ರಯ, ಹೇಳದೇ ಬಿಟ್ಟ ಸುದ್ದೀನ ಎಣಿಸೋದು ಹೆಂಗೆ? ಅದಕ್ಕೆ ಎರಡು ಪೇಪರ್ ಮುಖಪುಟ ಪಕ್ಕದಲ್ಲಿ ಇಟ್ಕೊಂಡು, ಎರಡರಲ್ಲೂ ಇದ್ದು ಬುಲೆಟಿನ್‌ನಲ್ಲಿ ಇಲ್ಲದ್ದನ್ನ ಮಾತ್ರ ಬರೆದೆ. ನೀವೂ ಮಾಡೋದಾದ್ರೆ ಈ ಪಟ್ಟಿಯಿಂದಾನೇ ಶುರು ಮಾಡಿ, ಉಳಿದಿದ್ದು ಆಮೇಲೆ.

ನೋಟ್‌ಬುಕ್ ತೋರಿಸಿದ್ರೆ ಅಪ್ಪ ಕನ್ನಡಕ ಏರಿಸ್ಕೊಂಡು ಕೆಂಪು ಗೆರೆ ಎಣಿಸಿದ್ರು, ಭಾವ ಗೆರೆ ಇಲ್ಲದ ಪುಟಗಳನ್ನ ನೋಡಿ "ನೀನು ಸರಿಯಾಗಿ ಕೇಳಿಲ್ಲ" ಅಂದ್ರು. ಮುಂದಿನ ತಿಂಗಳು ಎಣಿಸೋ ಸರದಿ ಅವರದ್ದು.