ತೂಕ ಇಳಿಸುವ ಸರ್ಜರಿ ನಂತರ ಗರ್ಭನಿರೋಧಕ: ಮಾತ್ರೆಗೆ ಮೊದಲು ಡಿಸ್ಚಾರ್ಜ್ ಸಮರಿ ನೋಡಿ

ಬೇರಿಯಾಟ್ರಿಕ್ ಸರ್ಜರಿಗೆ ಹೊರಟವರಿಗೆ ಪ್ರೋಟೀನ್ ಎಷ್ಟು ಗ್ರಾಂ, ನೀರು ಯಾವಾಗ, ಅನ್ನ ಯಾವ ವಾರದಿಂದ ಎಂದು ಪಟ್ಟಿಯನ್ನೇ ಕೊಡುತ್ತಾರೆ. ಗರ್ಭನಿರೋಧಕದ ವಿಷಯ ಮಾತ್ರ ‘ಒಂದೂವರೆ ವರ್ಷ ಮಗು ಬೇಡ’ ಎಂಬ ಒಂದು ಮಾತಿನಲ್ಲಿ ಮುಗಿಯುತ್ತದೆ. ಬೇಡ ಎಂದಿದ್ದರ ಹಿಂದೆ ಗಟ್ಟಿ ಕಾರಣವಿದೆ. ಮೊದಲ 12ರಿಂದ 18 ತಿಂಗಳು ತೂಕ ರಭಸದಿಂದ ಇಳಿಯುತ್ತಿರುತ್ತದೆ. ಕಬ್ಬಿಣ, ಬಿ12, ಫೋಲೇಟ್ ತಾಯಿಗೇ ಸಾಲದಿರುವಾಗ ಹೊಟ್ಟೆಯಲ್ಲಿರುವ ಮಗು ಸರಿಯಾಗಿ ಬೆಳೆಯದಿರಬಹುದು. ಆದರೆ ಆ ಒಂದೂವರೆ ವರ್ಷ ಕಳೆಯುವುದು ಹೇಗೆ ಎಂಬುದನ್ನು ನೀವೇ ಕೇಳಿ ತಿಳಿದುಕೊಳ್ಳಬೇಕು.

1. ‘ನನಗೆ ಹೇಗೂ ಆಗಲ್ಲ’ ಎಂಬ ಲೆಕ್ಕ ಬಿಡಿ

ಪಿಸಿಒಡಿ (ಹಾರ್ಮೋನ್ ಏರುಪೇರಿನಿಂದ ಅಂಡೋತ್ಪತ್ತಿ ತಪ್ಪುವ ತೊಂದರೆ) ಇದ್ದು, ವರ್ಷಗಟ್ಟಲೆ ಮುಟ್ಟು ಏರುಪೇರಾಗಿ, ಮಗುವಿಗಾಗಿ ಆಸ್ಪತ್ರೆ ಅಲೆದವರು ಎಡವುವುದು ಇಲ್ಲೇ. ತೂಕ ಇಳಿದಂತೆ ಇನ್ಸುಲಿನ್ ಮಟ್ಟ ಇಳಿಯುತ್ತದೆ, ಅಂಡೋತ್ಪತ್ತಿ ಕೆಲವೇ ತಿಂಗಳಲ್ಲಿ ಮರಳಬಹುದು. ಅಂಡ ಬಿಡುಗಡೆಯಾಗುವುದು ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ. ಹಾಗಾಗಿ ಮುಟ್ಟು ಶುರುವಾದ ಮೇಲೆ ನೋಡೋಣ ಎಂದು ಕೂತರೆ, ಆ ಮುಟ್ಟು ಬರುವ ಮೊದಲೇ ಗರ್ಭ ನಿಂತಿರಬಹುದು.

2. ನಿಮಗೆ ಆಗಿದ್ದು ಯಾವ ಸರ್ಜರಿ?

ಡಿಸ್ಚಾರ್ಜ್ ಸಮರಿಯಲ್ಲಿ ಸರ್ಜರಿಯ ಹೆಸರು ಹುಡುಕಿ. ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂದಿದ್ದರೆ ಜಠರವನ್ನಷ್ಟೇ ಕಿರಿದಾಗಿಸಿದ್ದಾರೆ, ಕರುಳು ಇದ್ದಂತೆಯೇ ಇದೆ. ರೂ-ಎನ್-ವೈ ಬೈಪಾಸ್, ಮಿನಿ ಬೈಪಾಸ್, ಒನ್ ಅನಾಸ್ಟೊಮೋಸಿಸ್ ಎಂದೇನಾದರೂ ಇದ್ದರೆ ಆಹಾರ ಸಣ್ಣ ಕರುಳಿನ ಮೊದಲ ಭಾಗ ಮುಟ್ಟದೆ ಮುಂದೆ ಹೋಗುತ್ತದೆ. ನುಂಗಿದ ಮಾತ್ರೆಯೂ ಅದೇ ದಾರಿ ಹಿಡಿಯುತ್ತದೆ, ಹಾಗಾಗಿ ಪೂರ್ತಿ ಹೀರಿಕೆಯಾಗದಿರಬಹುದು. ‘ಮಿನಿ’ ಎಂಬ ಹೆಸರು ಕೇಳಿ ಸಣ್ಣ ಆಪರೇಷನ್ ಅಂದುಕೊಳ್ಳಬೇಡಿ. ಅದರಲ್ಲಿ ಬದಿಗೆ ಸರಿಸುವ ಕರುಳು ಮೀಟರುಗಟ್ಟಲೆ ಇರುತ್ತದೆ.

3. ವಿಧಾನ ಆರಿಸುವುದು

ಬೈಪಾಸ್ ಆದವರು ಬಾಯಿಂದ ನುಂಗುವ ಗರ್ಭನಿರೋಧಕವನ್ನು ನಂಬಬಾರದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಮಾರ್ಗಸೂಚಿ ಇವರ ಮಟ್ಟಿಗೆ ಈಸ್ಟ್ರೊಜೆನ್ ಇರುವ, ಇಲ್ಲದ ಎರಡೂ ಬಗೆಯ ಹಾರ್ಮೋನ್ ಮಾತ್ರೆಗಳನ್ನು ಮೂರನೇ ವರ್ಗಕ್ಕೆ ಹಾಕಿದೆ. ಲಾಭಕ್ಕಿಂತ ತೊಂದರೆಯೇ ಹೆಚ್ಚು ಎಂಬುದು ಆ ವರ್ಗದ ಅರ್ಥ. ಸ್ಲೀವ್ ಆದವರಿಗೆ ಆ ನಿರ್ಬಂಧ ಇಲ್ಲ. ಆದರೆ ಮೊದಲ ವಾರಗಳಲ್ಲಿ ವಾಂತಿ ಮಾಮೂಲಿ. ಮಾತ್ರೆ ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಒಂದು ದಿನ ಮೀರಿ ಜೋರು ಭೇದಿಯಾದರೆ ಆ ದಿನಗಳ ಮಾತ್ರೆ ತಪ್ಪಿದಂತೆಯೇ ಲೆಕ್ಕ. ಇಷ್ಟೆಲ್ಲ ಲೆಕ್ಕ ಇಡುವ ಬದಲು ಸ್ಲೀವ್‌ನವರೂ ಮೊದಲ ವರ್ಷ ಮಾತ್ರೆ ಕೈಬಿಡುವುದೇ ಲೇಸು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ‘ಛಾಯಾ’, ಅಂಗಡಿಯ ‘ಸಹೇಲಿ’ ಹಾರ್ಮೋನ್ ಅಲ್ಲ ನಿಜ. ಆದರೆ ಅವೂ ನುಂಗುವ ಮಾತ್ರೆಗಳೇ, ಮೇಲಾಗಿ ಪಿಸಿಒಡಿ ಇದ್ದವರಿಗೆ ಸಲ್ಲವು.

ನಮ್ಮ ಮೊದಲ ಆಯ್ಕೆ ಹಾರ್ಮೋನ್ ವಂಕಿ, ಅಂದರೆ ಗರ್ಭಕೋಶದೊಳಗೆ ಇಡುವ, 52 ಮಿಲಿಗ್ರಾಂ ಲೆವೊನೊರ್ಜೆಸ್ಟ್ರೆಲ್ ಹಾರ್ಮೋನ್ ಇರುವ ಐಯುಎಸ್ ಸಾಧನ. ಗರ್ಭಕೋಶದೊಳಗೇ ಕೆಲಸ ಮಾಡುವ ಇದಕ್ಕೆ ಕರುಳಿನ ಹಂಗಿಲ್ಲ. ಮುಟ್ಟಿನ ಸ್ರಾವ ಕಡಿಮೆಯಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ‘ಕೆಟ್ಟ ರಕ್ತ ಒಳಗೇ ಉಳಿಯುತ್ತದೆ’ ಎಂಬ ಭಯ ಬೇಡ: ಗರ್ಭಕೋಶದ ಒಳಪದರ ತೆಳ್ಳಗಾಗಿರುವುದರಿಂದ ಹೊರಬರಲು ಏನೂ ಇರುವುದಿಲ್ಲ, ಅಷ್ಟೆ. ಸರ್ಜರಿಯ ಅರಿವಳಿಕೆಯಲ್ಲೇ ಇದನ್ನೂ ಹಾಕಿಸಿಕೊಳ್ಳಬಹುದು. ದಪ್ಪ ಮೈಯವರಿಗೆ ಹೊರರೋಗಿ ವಿಭಾಗದಲ್ಲಿ ಹಾಕಲು ಕಷ್ಟವಾಗುವುದುಂಟು, ಹಾಗಾಗಿ ಈ ಅವಕಾಶ ಬಿಡಬೇಡಿ. ಸರ್ಜನ್ ತಾವಾಗಿ ಹೇಳುವುದು ಅಪರೂಪ. ಸ್ತ್ರೀರೋಗ ತಜ್ಞರನ್ನೂ ಆ ದಿನ ಥಿಯೇಟರಿಗೆ ಕರೆಸಲು ಮೊದಲೇ ಕೇಳಿ.

ಕಾಪರ್-ಟಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. 380ಎ ಹತ್ತು ವರ್ಷ, 375 ಐದು ವರ್ಷ ನಡೆಯುತ್ತದೆ. ಇದರ ತೊಡಕು ರಕ್ತಸ್ರಾವ. ಕಬ್ಬಿಣಾಂಶ ಹೆಚ್ಚಾಗಿ ಹೀರಿಕೆಯಾಗುವುದು ಬೈಪಾಸ್‌ನಲ್ಲಿ ಬದಿಗೆ ಸರಿದ ಕರುಳಿನ ಭಾಗದಲ್ಲೇ. ಒಳಬರುವ ಕಬ್ಬಿಣ ಕಮ್ಮಿಯಾಗಿ ಹೊರಹೋಗುವ ರಕ್ತ ಜಾಸ್ತಿಯಾದರೆ ಹಿಮೋಗ್ಲೋಬಿನ್ ಬೇಗ ಕುಸಿಯುತ್ತದೆ. ಮುಟ್ಟು ಮೊದಲೇ ಜೋರಾಗಿದ್ದರೆ ಇದು ಬೇಡ.

ತೋಳಿನ ಒಳಮಗ್ಗುಲಲ್ಲಿ ಕೂರಿಸುವ ಒಂಟಿ ಕಡ್ಡಿಯ ಇಂಪ್ಲಾಂಟ್ ಮೂರು ವರ್ಷಕ್ಕೆ ಬರುತ್ತದೆ, ಪರಿಣಾಮದಲ್ಲಿ ಬಲು ಗಟ್ಟಿ. ಆದರೆ ನಮ್ಮಲ್ಲಿ ಎಲ್ಲೆಡೆ ಸಿಗದು, ಮತ್ತು ಹೊತ್ತುಗೊತ್ತಿಲ್ಲದ ಸ್ರಾವ ಕೆಲವರಿಗೆ ಬೇಸರ ತರಿಸುತ್ತದೆ.

ಮೂರು ತಿಂಗಳ ‘ಅಂತರಾ’ ಇಂಜೆಕ್ಷನ್ ಸುಲಭ, ಪುಕ್ಕಟೆ, ಕರುಳಿಗೂ ಸಂಬಂಧವಿಲ್ಲ. ಆದರೂ ಇದು ನಮ್ಮ ಪಟ್ಟಿಯಲ್ಲಿ ಕೊನೆಯದು. ಸರ್ಜರಿಯಿಂದಲೇ ಮೂಳೆ ಸವೆಯುತ್ತಿರುವಾಗ ಇದೂ ಮೂಳೆಯ ಸಾಂದ್ರತೆ ಇಳಿಸುತ್ತದೆ; ಕೆಲವರ ತೂಕ ಏರಿಸುತ್ತದೆ; ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೊನೆಯ ಇಂಜೆಕ್ಷನ್‌ನಿಂದ 7ರಿಂದ 10 ತಿಂಗಳು ಹಿಡಿಯುತ್ತದೆ.

ಕಾಂಡೋಮ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಅದರ ಜೊತೆ ಕೊಬ್ಬರಿ ಎಣ್ಣೆಯನ್ನಂತೂ ಬಳಸಲೇಬೇಡಿ, ಲೇಟೆಕ್ಸ್ ಹರಿಯುತ್ತದೆ. ಮಕ್ಕಳು ಸಾಕು ಎಂದಾಗಿದ್ದರೆ ಗಂಡಸರ ವ್ಯಾಸೆಕ್ಟಮಿಯೇ ಸರಳ. ಆದರೆ ಮೂರು ತಿಂಗಳು ಕಳೆದು ವೀರ್ಯ ಪರೀಕ್ಷೆಯಲ್ಲಿ ಶೂನ್ಯ ಬರುವ ತನಕ ಬೇರೆ ವಿಧಾನ ಬೇಕು.

4. ನಡುವಿನ ಖಾಲಿ ವಾರಗಳು

ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲಿ. ಈಸ್ಟ್ರೊಜೆನ್ ಇರುವ ಮಾತ್ರೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುವುದರಿಂದ ದೊಡ್ಡ ಸರ್ಜರಿಗೆ ನಾಲ್ಕು ವಾರ ಮೊದಲು ನಿಲ್ಲಿಸಬೇಕು. ‘ಪಿಸಿಒಡಿ ಮಾತ್ರೆ’, ‘ಮೊಡವೆ ಮಾತ್ರೆ’ ಎಂದು ವರ್ಷಗಳಿಂದ ನುಂಗುವ ಸೈಪ್ರೊಟೆರೋನ್ ಮಾತ್ರೆಗಳಲ್ಲೂ 35 ಮೈಕ್ರೊಗ್ರಾಂ ಈಸ್ಟ್ರೊಜೆನ್ ಇರುತ್ತದೆ. ಗರ್ಭನಿರೋಧಕ ತಗೊಳ್ತೀರಾ ಎಂದರೆ ‘ಇಲ್ಲ’ ಎನ್ನುವವರು ಇವರೇ. ಸ್ಟ್ರಿಪ್ ತೆಗೆದುಕೊಂಡು ಹೋಗಿ ಸರ್ಜನ್ ಮೇಜಿನ ಮೇಲಿಡಿ. ನಿಲ್ಲಿಸಿ ಎಂದ ಕೂಡಲೇ ‘ಬದಲಿಗೆ ಏನು?’ ಎಂದು ಅಲ್ಲೇ ಕೇಳಿ. ಹಾಗೆ ಕೇಳದೆ ಬಂದವರು ಸರ್ಜರಿಗೆ ಮುಂಚಿನ ನಾಲ್ಕು ವಾರ, ನಂತರದ ತಿಂಗಳುಗಳು ಎಲ್ಲವನ್ನೂ ರಕ್ಷಣೆಯಿಲ್ಲದೆ ಕಳೆಯುತ್ತಾರೆ. ಸರ್ಜರಿಯ ದಿನ ಬೆಳಿಗ್ಗೆ ಮೂತ್ರದ ಪ್ರೆಗ್ನೆನ್ಸಿ ಟೆಸ್ಟ್ ಮಾಡಿಸಿ.

ಹಾಕಿಸುವ ದಿನದ ಲೆಕ್ಕವೂ ಇದೆ. ಕಾಪರ್-ಟಿ ಆ ಕ್ಷಣದಿಂದಲೇ ಕೆಲಸ ಮಾಡುತ್ತದೆ. ಹಾರ್ಮೋನ್ ವಂಕಿ ಮತ್ತು ಅಂತರಾ ಮುಟ್ಟಿನ ಮೊದಲ ಏಳು ದಿನಗಳಲ್ಲಿ, ಇಂಪ್ಲಾಂಟ್ ಮೊದಲ ಐದು ದಿನಗಳಲ್ಲಿ ಆಗಿದ್ದರೆ ಬೇರೇನೂ ಬೇಡ. ತಡವಾಗಿದ್ದರೆ ಏಳು ದಿನ ಕಾಂಡೋಮ್ ಬೇಕು.

ತೂಕ ಮತ್ತೆ ಏರಿತೆಂದು ಟಿರ್ಜೆಪಟೈಡ್ ಇಂಜೆಕ್ಷನ್ ಶುರು ಮಾಡುವವರು ಈಗ ಹೆಚ್ಚುತ್ತಿದ್ದಾರೆ. ಅದು ಜಠರ ಖಾಲಿಯಾಗುವುದನ್ನು ನಿಧಾನಿಸಿ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಿಸುತ್ತದೆ. ಮಾತ್ರೆ ನುಂಗುತ್ತಿರುವವರು ಇದನ್ನು ಶುರು ಮಾಡಿದಾಗ ಮತ್ತು ಪ್ರತಿ ಸಲ ಡೋಸ್ ಏರಿಸಿದಾಗ ನಾಲ್ಕು ವಾರ ಕಾಂಡೋಮ್ ಸೇರಿಸಬೇಕು.

5. ತಪ್ಪಿಹೋದರೆ

ರಕ್ಷಣೆಯಿಲ್ಲದೆ ಸೇರಿದ ಮೇಲೆ ನುಂಗುವ, ಅಂಗಡಿಯಲ್ಲಿ ಸಿಗುವ 72 ಗಂಟೆಯ ಮಾತ್ರೆಯೂ ಕರುಳಿನ ಮೂಲಕವೇ ಹೋಗಬೇಕು. ತೂಕ 70 ಕೆ.ಜಿ. ದಾಟಿದವರಲ್ಲಿ ಅದರ ಪರಿಣಾಮವೂ ತಗ್ಗಬಹುದು. ಐದು ದಿನದೊಳಗೆ ಕಾಪರ್-ಟಿ ಹಾಕಿಸುವುದೇ ಗಟ್ಟಿ ಉಪಾಯ. ಮುಟ್ಟು ತಪ್ಪಿದರೆ ‘ತೂಕ ಇಳಿದಿದ್ದಕ್ಕೆ’, ವಾಕರಿಕೆ ಬಂದರೆ ‘ಸರ್ಜರಿಯಿಂದ’ ಎಂದುಕೊಳ್ಳದೆ ಟೆಸ್ಟ್ ಮಾಡಿ.

6. ಮಗು ಬೇಕೆಂದಾಗ

ವಂಕಿ ತೆಗೆಸುವ ಮೊದಲು ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಬಿ12, ಫೋಲೇಟ್, ವಿಟಮಿನ್ ಡಿ ಪರೀಕ್ಷಿಸಿ ಕೊರತೆ ತುಂಬಿಕೊಳ್ಳಿ. ಬಿ12 ನೋಡದೆ ಬರೀ ಫೋಲಿಕ್ ಆಸಿಡ್ ನುಂಗಿದರೆ ಬಿ12 ಕೊರತೆ ಮರೆಯಾಗಿಬಿಡುತ್ತದೆ. ಮಲ್ಟಿವಿಟಮಿನ್‌ನಲ್ಲಿ ವಿಟಮಿನ್ ಎ ರೆಟಿನಾಲ್ ರೂಪದಲ್ಲಿದ್ದರೆ ಬೀಟಾ ಕೆರೋಟಿನ್ ಇರುವುದಕ್ಕೆ ಬದಲಿಸಿ.

ಗರ್ಭಿಣಿಯಾದ ಮೇಲೆ ತಪಾಸಣೆಗೆ ಹೋದಾಗ ಸಕ್ಕರೆ ಕಾಯಿಲೆ ಪತ್ತೆಹಚ್ಚಲು ಎಲ್ಲರಿಗೂ 75 ಗ್ರಾಂ ಗ್ಲೂಕೋಸ್ ನೀರು ಕುಡಿಸುತ್ತಾರೆ. ಬೈಪಾಸ್ ಆದವರಿಗೆ ಅದು ಒಮ್ಮೆಲೇ ಕರುಳಿಗೆ ನುಗ್ಗಿ ಬೆವರು, ಎದೆಬಡಿತ, ತಲೆಸುತ್ತು ತರುತ್ತದೆ. ಲೋಟ ಕೈಗೆ ಬರುವ ಮೊದಲೇ ಸರ್ಜರಿಯ ವಿಷಯ ಹೇಳಿ; 24ರಿಂದ 28ನೇ ವಾರದ ನಡುವೆ ಒಂದು ವಾರ ಮನೆಯಲ್ಲೇ ಗ್ಲುಕೋಮೀಟರಿನಲ್ಲಿ ಊಟಕ್ಕೆ ಮೊದಲು ಮತ್ತು ನಂತರ ನೋಡಿ ಬರೆದುಕೊಂಡು ಹೋದರೆ ಆಗುತ್ತದೆ.